ಔಷಧಿ ಕಾಣಿಸಲಿಲ್ಲ ಎಂದು ನಾನು ಹೇಳಿದ ನೀರು

ಅಕ್ಕನನ್ನು ಮದುವೆಯಾದವನು ಅಮ್ಮನ ಕೊನೆಯ ತಮ್ಮ. ನಮ್ಮ ಕಡೆ ಇದು ಮಾಮೂಲು. ಹಾಗಾಗಿ ಅವನು ನನಗೆ ಹುಟ್ಟಿದಾಗಿನಿಂದಲೂ ಮಾವ, ಅಕ್ಕನ ಗಂಡನಾದ ಮೇಲೂ ಮಾವನೇ. ತಮಿಳುನಾಡಿನ ಗಡಿಯ ತಳಿ ಎಂಬ ಪೇಟೆಯಿಂದ ಮೂರು ನಾಲ್ಕು ಮೈಲಿ ಒಳಗಿರುವ ಊರು ನಮ್ಮದು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ರಾಗಿ, ಕೋಸು, ಬೀನ್ಸ್ ಹೊಲಗಳ ನಡುವೆ ಬಿಳಿ ಪ್ಲಾಸ್ಟಿಕ್ಕಿನ ಪಾಲಿಹೌಸುಗಳು ಒಂದೊಂದಾಗಿ ಎದ್ದವು. ಒಳಗೆಲ್ಲ ಗುಲಾಬಿ. ಮಾವ ಅಂಥ ಒಂದು ತೋಟದಲ್ಲಿ ಔಷಧಿ ಹೊಡೆಯುವ ಕೆಲಸಕ್ಕೆ ಸೇರಿದ. ಅಕ್ಕ ಅಲ್ಲೇ ಹೂ ಕತ್ತರಿಸಿ, ಕಾಂಡದ ಉದ್ದ ನೋಡಿ ವಿಂಗಡಿಸುವ ಕೆಲಸಕ್ಕೆ ಹೋದಳು.

ಔಷಧಿ ಎಂದರೆ ಕೀಟನಾಶಕ. ನಮ್ಮೂರಲ್ಲಿ ಯಾರೂ ಅದನ್ನು ವಿಷ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಯಾರಾದರೂ ಅದನ್ನು ಕುಡಿದು ಸತ್ತರೆ ಮಾತ್ರ 'ವಿಷ ಕುಡಿದ' ಎನ್ನುತ್ತಾರೆ. ಹೊಡೆಯುವಾಗ ಅದು ಔಷಧಿಯೇ.

ನಾನು ಕೃಷ್ಣಗಿರಿಯಲ್ಲಿ ಭೌತಶಾಸ್ತ್ರ ಓದಿ, ಹೊಸೂರಿನ ಹತ್ತಿರದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಕೆಲಸ ಟೆರಾಹರ್ಟ್ಸ್ ಅಲೆಗಳ ಮೇಲೆ. ರೇಡಿಯೋ ಅಲೆಗೂ ಬೆಳಕಿಗೂ ನಡುವೆ ಬರುವ ಅಲೆಗಳು ಅವು. ಉಗುರಿನಷ್ಟು ಅಗಲದ ಸಿಲಿಕಾನ್ ಚೂರಿನ ಮೇಲೆ ಸಾವಿರಾರು ಚಿನ್ನದ ಉಂಗುರಗಳನ್ನು ಸಾಲಾಗಿ ಅಚ್ಚು ಹಾಕುತ್ತಾರೆ. ಒಂದೊಂದು ಉಂಗುರವೂ ತಲೆಗೂದಲಿನ ದಪ್ಪಕ್ಕಿಂತ ಚಿಕ್ಕದು, ಒಂದೊಂದಕ್ಕೂ ಒಂದು ಕಡೆ ಸೀಳು. ಅಲೆ ಬಂದು ಬಿದ್ದಾಗ ಚಿನ್ನದ ಮೇಲ್ಮೈಯ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ಹೊಯ್ದಾಡಿ, ಅಲೆಯ ಬಲವೆಲ್ಲ ಆ ಸೀಳಿನಲ್ಲಿ ಸೇರುತ್ತದೆ. ಆಚೆ ಕಡೆ ಹೊರಬರುವ ಅಲೆಯನ್ನು ಅಳೆದು ಗೆರೆ ಎಳೆದರೆ ಒಂದು ಜಾಗದಲ್ಲಿ ಗೆರೆ ಗುಂಡಿಯ ಹಾಗೆ ಕೆಳಗಿಳಿದಿರುತ್ತದೆ. ಸೀಳಿನಲ್ಲಿ ಏನಾದರೂ ಕುಳಿತರೆ ಆ ಗುಂಡಿ ಎಡಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ನೋಡಿ ಎಷ್ಟು ಕುಳಿತಿದೆ ಎಂದು ಲೆಕ್ಕ ಹಾಕುವುದು. ಇಂಥ ಹಾಳೆಗೆ ಮೆಟಾಸರ್ಫೇಸ್ ಎಂದು ಹೆಸರು. ನನ್ನ ಹಾಳೆಯಲ್ಲಿ ಇನ್ನೊಂದು ಅನುಕೂಲವಿತ್ತು. ಸೀಳಿನ ಅಡಿಯಲ್ಲಿ ಬಿಸಿಯಾದರೆ ಲೋಹದಂತಾಗುವ ತೆಳುವಾದ ಪದರವಿತ್ತು. ಬಿಸಿ ಮಾಡಿದರೆ ಸೀಳು ಮುಚ್ಚಿಕೊಂಡು ಗುಂಡಿ ಮಾಯ, ತಣ್ಣಗಾದರೆ ಮತ್ತೆ ಹಾಜರು. ಸ್ವಿಚ್ಚು ಹಾಕಿ ಆರಿಸಿದ ಹಾಗೆ.

ಪಿಎಚ್‌ಡಿಯ ಮೊದಲ ಎರಡು ವರ್ಷ ನಾನು ಚಿನ್ನವನ್ನು ಕಣ್ಣಿಂದ ನೋಡಲಿಲ್ಲ. ಎಲ್ಲವೂ ಕಂಪ್ಯೂಟರಿನೊಳಗೆ. ಸೀಳನ್ನು ಕಿರಿದು ಮಾಡುವುದು, ಲೆಕ್ಕ ಓಡಿಸುವುದು, ನೋಡುವುದು. ಮತ್ತೆ ಕಿರಿದು ಮಾಡುವುದು. ಗೈಡ್ ಸರ್ ಸೇಲಂ ಕಡೆಯವರು, ಮೃದು ಮಾತಿನವರು, ನಿವೃತ್ತಿಗೆ ಹತ್ತಿರವಿದ್ದರು. ಅವರ ಒಂದೇ ಮಾತು: 'ಇನ್ನೂ ಸೂಕ್ಷ್ಮ ಬೇಕಪ್ಪ.' ಸೀಳು ಕಿರಿದಾದಷ್ಟೂ ಸೂಕ್ಷ್ಮತೆ ಏರುತ್ತಿತ್ತು. ಕಂಪ್ಯೂಟರಿನಲ್ಲಿ ಅದಕ್ಕೆ ಅಡ್ಡಿಯೇ ಇರಲಿಲ್ಲ. ಏನನ್ನು ಪತ್ತೆ ಮಾಡುವುದಕ್ಕೆ ಈ ಹಾಳೆ ಎಂದು ವರದಿಯಲ್ಲಿ ಬರೆಯಬೇಕಾಗಿ ಬಂದಾಗ ನಾನೇ ಕೀಟನಾಶಕ ಎಂದೆ. ಮನೆಯಲ್ಲಿ ದಿನಾ ಕೇಳಿದ ಪದ ಅದು. ಬೇರೆ ಯಾವುದೂ ಹೊಳೆಯಲಿಲ್ಲ.

ಮಾವನಿಗೆ ನನ್ನ ಕೆಲಸ ತಮಾಷೆಯಾಗಿತ್ತು.

"ಏನ್ಲಾ ಮಾಡ್ತೀಯ ಅಲ್ಲಿ, ಬೆಳಿಗ್ಗೆಯಿಂದ ಸಂಜೇಗಂಟ?" ಎಂದು ಒಂದು ಭಾನುವಾರ ಕೇಳಿದ.

"ಚಿನ್ನದ ಉಂಗುರ ಮಾಡ್ತೀನಿ ಮಾವ. ಕಣ್ಗೆ ಕಾಣ್ಸಲ್ಲ."

"ಕಣ್ಗೆ ಕಾಣ್ದಿರೋ ಚಿನ್ನ ಯಾರಿಗ್ಲಾ ಬೇಕು?" ಎಂದು ನಕ್ಕ. ಆಮೇಲೆ ನೀರಿನಲ್ಲಿ ಬೆರೆತ ಔಷಧಿ ಕಂಡುಹಿಡಿಯುವುದಕ್ಕೆ ಎಂದು ನಾನು ವಿವರಿಸಿದಾಗ ನಗು ನಿಲ್ಲಿಸಿ ಪೂರ್ತಿ ಕೇಳಿದ. ಅಂದಿನಿಂದ ಊರಲ್ಲಿ ಸಿಕ್ಕವರಿಗೆಲ್ಲ, 'ನಮ್ ಹುಡ್ಗ ಔಷಧಿ ಹಿಡಿಯೋ ಮಿಷನ್ ಮಾಡ್ತಾವ್ನೆ' ಎಂದು ಹೇಳಿಕೊಂಡು ತಿರುಗಿದ.

ಆ ವರ್ಷವೇ ಅವನಿಗೆ ತಲೆನೋವು ಶುರುವಾದದ್ದು. ಔಷಧಿ ಹೊಡೆದ ದಿನ ಸಂಜೆ ಕಣ್ಣು ಮಂಜಾಗುತ್ತಿತ್ತು. ಮುದ್ದೆ ಮುರಿಯುವಾಗ ಬೆರಳು ನಡುಗುವುದನ್ನು ನಾನೇ ನೋಡಿದ್ದೇನೆ. ಅವನು ಮೂಗಿಗೆ ಟವೆಲ್ ಸುತ್ತಿಕೊಂಡು ಒಳಗೆ ಹೋಗುತ್ತಿದ್ದ. ತೋಟದವರು ಒಂದು ಮಾಸ್ಕ್ ಕೊಟ್ಟಿದ್ದರು. ಪ್ಲಾಸ್ಟಿಕ್ಕಿನ ಅಡಿಯ ಸೆಕೆಗೆ ಅದನ್ನು ಹಾಕಿಕೊಂಡರೆ ಉಸಿರು ಕಟ್ಟುತ್ತದೆ ಎಂದು ಮೊಳೆಗೆ ನೇತುಹಾಕಿದ್ದ. ಡೆಂಕಣಿಕೋಟೆಯ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಇವನ ಕೆಲಸ ಏನೆಂದು ಕೇಳಿ, ಹೊಸೂರಿಗೆ ಹೋಗಿ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಔಷಧಿ ಮೈಗೆ ಹತ್ತಿದೆಯೋ ಏನೋ ಅದರಲ್ಲಿ ಗೊತ್ತಾಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಆ ಚೀಟಿಯನ್ನು ಅಕ್ಕ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು.

ಇನ್ನೊಂದು ವಿಷಯವಿತ್ತು. ಪಂಚಾಯ್ತಿ ನೀರು ನಮ್ಮ ಬೀದಿಗೆ ಸರಿಯಾಗಿ ಬರುತ್ತಿರಲಿಲ್ಲ. ತೋಟದವರ ಬೋರಿನಿಂದ ಒಂದು ಪೈಪು ಎಳೆದು ಬೀದಿಯ ತೊಟ್ಟಿಗೆ ಬಿಟ್ಟಿದ್ದರು. ಔಷಧಿ ಕಲಸುವ ಜಾಗ ಆ ಬೋರಿಗೆ ಇಪ್ಪತ್ತು ಹೆಜ್ಜೆ ದೂರ. ಡ್ರಮ್ಮು ತೊಳೆದ ನೀರು ಅಲ್ಲೇ ಇಂಗುತ್ತಿತ್ತು. ನೀರಿನಲ್ಲಿ ಒಂಥರಾ ವಾಸನೆ ಎಂದು ಬೀದಿಯ ಹೆಂಗಸರು ಆಗಾಗ ಹೇಳುತ್ತಿದ್ದರು. ಬೇರೆ ಕಡೆಯಿಂದ ನೀರು ಬಿಡಿ ಎಂದು ತೋಟದ ಸೂಪರ್ವೈಸರನ್ನು ಕೇಳಿಯೂ ಇದ್ದರು.

ನನ್ನ ಹಾಳೆ ಕೊನೆಗೂ ತಯಾರಾಯಿತು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಅಚ್ಚು ಹಾಕಿಸಿದೆವು. ಅಳೆಯುವ ಯಂತ್ರವೂ ಅಲ್ಲೇ ಇತ್ತು. ತಿಂಗಳಿಗೆ ಒಂದು ದಿನ ನಮಗೆ ಸಮಯ ಕೊಡುತ್ತಿದ್ದರು. ಶುದ್ಧ ನೀರಿನಲ್ಲಿ ಕೀಟನಾಶಕವನ್ನು ಅಳತೆ ಮಾಡಿ ಬೆರೆಸಿ, ಒಂದು ಹನಿ ಹಾಳೆಯ ಮೇಲೆ ಇಟ್ಟು, ಒಣಗಿಸಿ ಅಳೆಯಬೇಕು. ನೀರು ಟೆರಾಹರ್ಟ್ಸ್ ಅಲೆಯನ್ನು ಕುಡಿದುಬಿಡುತ್ತದೆ, ಹಸಿಯಾಗಿದ್ದರೆ ಏನೂ ಕಾಣುವುದಿಲ್ಲ. ಗಾಳಿಯ ತೇವವೂ ಆಗದು ಎಂದು ಯಂತ್ರದ ಪೆಟ್ಟಿಗೆಗೆ ಒಣ ನೈಟ್ರೋಜನ್ ತುಂಬುತ್ತಿದ್ದೆವು. ಬೆರೆಸಿದ್ದು ಹೆಚ್ಚಾದ ಹಾಗೆ ಗುಂಡಿ ಒಂದೊಂದೇ ಹೆಜ್ಜೆ ಎಡಕ್ಕೆ ಸರಿಯಿತು. ಗ್ರಾಫು ನೋಡಿದ ಸರ್ ನನ್ನ ಭುಜ ತಟ್ಟಿದರು. ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಅದನ್ನು ಊರಿನಲ್ಲಿ ಹೇಳಿದಾಗ ಮಾವ ಒಳಗೆ ಹೋಗಿ ಒಂದು ಖಾಲಿ ಕೂಲ್‌ಡ್ರಿಂಕ್ ಬಾಟಲಿ ತೊಳೆದು, ಬೀದಿ ತೊಟ್ಟಿಯ ನೀರು ತುಂಬಿ ತಂದು ನನ್ನ ಕೈಗಿಟ್ಟ.

"ಇದ್ನ ನೋಡ್ಕಂಡ್ ಬಾ. ಐತಾ ಇಲ್ವಾ ಅಷ್ಟೇ ಹೇಳು."

"ಇನ್ನೂ ಅಷ್ಟು ದೂರ ಬಂದಿಲ್ಲ ಮಾವ. ಲ್ಯಾಬಲ್ಲಿ ನಾವೇ ಕಲಸಿದ್ದು ಬೇರೆ, ಇದು ಬೇರೆ."

"ನೀರು ನೀರೇ ಕಣ್ಲಾ," ಎಂದ ಮಾವ. "ನಿನ್ ಮಿಷನ್‌ಗೆ ಗೊತ್ತಾಗ್ದಿದ್ರೆ ಇನ್ ಯಾರಿಗ್ ಗೊತ್ತಾಯ್ತದೆ?"

ಮುಂದಿನ ಸರದಿಯಲ್ಲಿ ಬಾಟಲಿಯನ್ನು ಬೆಂಗಳೂರಿಗೆ ಒಯ್ದೆ. ಊರ ನೀರಿನ ಹನಿ ಒಣಗಿತು, ಅಳೆದೆ. ಗುಂಡಿ ಎಷ್ಟು ಸರಿದಿತ್ತೆಂದರೆ ನಾವು ಬೆರೆಸಿದ ಯಾವ ಅಳತೆಗೂ ಅಷ್ಟು ಸರಿದಿರಲಿಲ್ಲ. ನನಗೆ ಆಗ ಆದದ್ದು ಭಯವಲ್ಲ, ಸಂತೋಷ. ಇದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ನಮ್ಮೂರ ಜನ ವಿಷ ಕುಡಿಯುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು ಎಂದುಕೊಂಡ ಕ್ಷಣದಲ್ಲಿ, ಇದನ್ನು ಪ್ರಬಂಧದ ಯಾವ ಅಧ್ಯಾಯದಲ್ಲಿ ಹಾಕಲಿ ಎಂದು ಯೋಚಿಸಿದೆ.

ಊಟಕ್ಕೆ ಹೋಗಿ ಬಂದ ಮೇಲೆ ಅನುಮಾನ ಬಂತು. ಅಲ್ಲಿನ ಕೈತೊಳೆಯುವ ನಲ್ಲಿಯಿಂದ ಒಂದು ಹನಿ ತೆಗೆದು ಅದನ್ನೂ ಒಣಗಿಸಿ ಅಳೆದೆ. ಗುಂಡಿ ಅಷ್ಟೇ ಸರಿಯಿತು. ಹಾಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವಂಥ ಬಿಳಿ ಸುಣ್ಣ ಚಿನ್ನದ ಮೇಲೆಲ್ಲ ಕುಳಿತಿತ್ತು. ನಾನು ಎರಡು ವರ್ಷ ಕಿರಿದು ಮಾಡಿದ ಸೀಳಿಗೆ ಉಪ್ಪು, ಸುಣ್ಣ, ಧೂಳು, ಔಷಧಿ ಎಲ್ಲವೂ ಒಂದೇ ಆಗಿತ್ತು. ಹಾಳೆಯನ್ನು ಬಿಸಿ ಮಾಡಿ ಒಮ್ಮೆ, ತಣಿಸಿ ಒಮ್ಮೆ ಅಳೆದು, ಒಂದು ಗೆರೆಯಿಂದ ಇನ್ನೊಂದನ್ನು ಕಳೆದು ನೋಡಿದೆ. ಯಂತ್ರದ ಏರಿಳಿತ ಹೋಯಿತೇ ಹೊರತು ಸುಣ್ಣ ಹೋಗಲಿಲ್ಲ. ಔಷಧಿ ಇದೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ನನ್ನ ಹತ್ತಿರ ಏನೂ ಇರಲಿಲ್ಲ.

ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ತಮಿಳಿನಲ್ಲಿ ಹೇಳಿದ ಮಾತು ಇಷ್ಟು: ಊರ ನೀರನ್ನು ಯಾರು ತರಲು ಹೇಳಿದರು, ನಮ್ಮ ವಿಷಯ ಶುದ್ಧ ದ್ರಾವಣ, ಅದರಲ್ಲಿ ಫಲಿತಾಂಶ ಚೆನ್ನಾಗಿದೆ, ಅದನ್ನು ಬರೆದು ಮುಗಿಸು. ಅವರು ಬೈಯಲಿಲ್ಲ. ನಾನೂ ಎದುರು ಮಾತಾಡಲಿಲ್ಲ.

ಆ ಶನಿವಾರ ಊರಿಗೆ ಹೋದೆ. ಕಾಡಂಚಿನಲ್ಲಿ ಆನೆ ಇಳಿದಿದೆ ಎಂದು ಬಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದರು. ಹೇಗೆ ಹೇಳುವುದು ಎಂದು ಅಲ್ಲೇ ಕುಳಿತು ಯೋಚಿಸಿದ್ದೆ. ಅಕ್ಕನ ಮನೆಯಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರೂ ಕುಳಿತಿದ್ದರು. ಮಾವ ಸ್ನಾನ ಮಾಡಿ ಬಂದು ಟವೆಲ್ ಹೆಗಲಿಗೆ ಹಾಕಿಕೊಂಡು ಎಲ್ಲರ ಮುಂದೆ ಕೇಳಿದ.

"ಏನಾಯ್ತ್ಲಾ ನಮ್ ನೀರು?"

ಯಂತ್ರಕ್ಕೆ ಸುಣ್ಣಕ್ಕೂ ವಿಷಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಹೇಳಬೇಕಿತ್ತು. ನನ್ನ ಇಷ್ಟು ವರ್ಷದ ಕೆಲಸ ಈ ಬೀದಿಯ ನೀರಿನ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ ಎಂದು ಹೇಳಬೇಕಿತ್ತು. ಮಾವನ ಮುಖ ನೋಡಿದೆ. ಆ ಹೆಂಗಸರನ್ನು ಅವನೇ ಕರೆಸಿದ್ದ ಎಂದು ಗೊತ್ತಾಯಿತು.

"ಔಷಧಿ ಏನೂ ಕಾಣಿಸ್ಲಿಲ್ಲ ಮಾವ," ಎಂದೆ.

ಅದು ಸುಳ್ಳಲ್ಲ. ಕಾಣಿಸಿರಲಿಲ್ಲ. ಆಮೇಲೆ ಎಷ್ಟೋ ಸಲ ನಾನು ಈ ವಾಕ್ಯವನ್ನು ನನ್ನಷ್ಟಕ್ಕೆ ನಾನೇ ಹೇಳಿ ನೋಡಿದ್ದೇನೆ. ಪ್ರತಿ ಸಲವೂ ಅದು ಸುಳ್ಳಲ್ಲ ಎಂದು ಅನ್ನಿಸುತ್ತದೆ. ಆದರೂ ನಾನು ಸುಳ್ಳು ಹೇಳಿದ್ದೆ.

ಅಕ್ಕ ಒಲೆಯ ಹತ್ತಿರದಿಂದಲೇ, "ಸದ್ಯ," ಎಂದಳು. ಹೆಂಗಸರಲ್ಲಿ ಒಬ್ಬಳು, "ವಾಸ್ನೆ ಬತ್ತದಲ್ಲಪ್ಪ ಮತ್ತೆ?" ಎಂದು ಕೇಳಿದಳು. ಅದಕ್ಕೆ ಮಾವನೇ ಉತ್ತರ ಕೊಟ್ಟ. "ಪೈಪಿಂದು ಕಣಮ್ಮ ಅದು. ಬೆಂಗ್ಳೂರ್ ಮಿಷನ್ನೇ ಇಲ್ಲ ಅಂದ್ಮೇಲೆ ಇನ್ನೇನು."

ಒಂದೆರಡು ವಾರದಲ್ಲಿ ಬೀದಿಯ ಹೆಂಗಸರು ಮತ್ತೆ ಬೇರೆ ನೀರು ಕೇಳಲು ಹೋದಾಗ ಸೂಪರ್ವೈಸರ್ ತಮಿಳಿನಲ್ಲಿ, "ಉಂಗ ಆಳೇ ಟೆಸ್ಟ್ ಪಣ್ಣಿ ಸೊಲ್ಲಿಟ್ಟಾರು, ಒಣ್ಣುಮಿಲ್ಲೆ" ಎಂದನಂತೆ. ನಿಮ್ಮವನೇ ಪರೀಕ್ಷೆ ಮಾಡಿ ಹೇಳಿದ್ದಾನೆ, ಏನೂ ಇಲ್ಲ ಎಂದು. ಅವನಿಗೆ ಅದನ್ನು ಹೇಳಿದವನು ಮಾವನೇ. ಹೆಮ್ಮೆಯಿಂದ ಹೇಳಿರುತ್ತಾನೆ.

ದೇವರ ಪಟದ ಹಿಂದಿನ ಚೀಟಿ ಅಲ್ಲೇ ಉಳಿಯಿತು. ದೀಪಾವಳಿಗೆ ಹೋದಾಗ ನಾನು ಅದನ್ನು ನೋಡಿ, ರಕ್ತಪರೀಕ್ಷೆ ಆಯಿತಾ ಎಂದು ಕೇಳಿದೆ.

"ಯಾಕ್ಲಾ ಸುಮ್ನೆ? ನೀರಲ್ಲೇ ಇಲ್ಲ ಅಂದ್ಮೇಲೆ ಮೈಯಾಗ್ ಎಲ್ಲಿಂದ ಬತ್ತದೆ? ಸೆಕೆಗೆ ತಲೆ ನೋವ್ತದೆ, ಅಷ್ಟೇ."

ಎರಡೂ ಬೇರೆ ಬೇರೆ, ಗಾಳಿಯಲ್ಲಿ ಒಳಗೆ ಹೋಗುವುದಕ್ಕೂ ನೀರಿಗೂ ಸಂಬಂಧವಿಲ್ಲ ಎಂದು ಹೇಳಿದೆ. ಹೇಳಿದೆ, ಆದರೆ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದರೆ ನೀರಿನ ಮಾತೂ ಬಿಚ್ಚಬೇಕಾಗುತ್ತಿತ್ತು. ಹಬ್ಬದ ದಿನ ಬೇಡ ಎನಿಸಿತು.

ಜನವರಿ ಮುಗಿಯುವ ಹೊತ್ತಿಗೆ ಗುಲಾಬಿ ತೋಟಗಳಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಹೋಗುವ ಹೂವಿನ ಒಂದು ಎಲೆಯನ್ನೂ ಹುಳ ತಿಂದಿರಬಾರದು. ವಾರಕ್ಕೆ ಎರಡು ಸಲ ಹೊಡೆಯುತ್ತಿದ್ದ ಔಷಧಿಯನ್ನು ಆಗ ಮೂರು ನಾಲ್ಕು ಸಲ ಹೊಡೆಯುತ್ತಾರೆ. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಕ್ಕನ ಫೋನ್ ಬಂತು. ನಾನು ಕಾಲೇಜಿನಲ್ಲಿ ಪ್ರಬಂಧದ ಚಿತ್ರಗಳಿಗೆ ಅಡಿಬರಹ ಹಾಕುತ್ತಿದ್ದೆ.

"ನಿನ್ ಮಾವ ಬಿದ್ಬುಟ್ಟವ್ನೆ. ಬಾಯಲ್ಲಿ ನೊರೆ ಬತ್ತೈತೆ. ಜೀಪಲ್ಲಿ ಹೊಸೂರಿಗೆ ತತ್ತಾವ್ರೆ, ನೀನ್ ಆಸ್ಪತ್ರೆ ತಾವ ಇರು."

ಜೀಪಿನಿಂದ ಇಳಿಸಿದಾಗ ಅವನ ಅಂಗಿ ಬೆವರಿಗೆ ಹಿಂಡುವಷ್ಟು ಒದ್ದೆಯಾಗಿತ್ತು. ಕಣ್ಣ ಪಾಪೆ ಸೂಜಿಯ ಮೊನೆಯಷ್ಟು. ತೊಡೆಯ ಮಾಂಸ ತಾನೇ ತಾನಾಗಿ ಅದುರುತ್ತಿತ್ತು. ಯಾವ ಔಷಧಿ ಎಂದು ಡಾಕ್ಟರು ಕೇಳಿದರು. ಡಬ್ಬ ಯಾರೂ ತಂದಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಪ್ರಯೋಗದಲ್ಲಿ ಶುದ್ಧ ನೀರಿಗೆ ಬೆರೆಸುತ್ತಿದ್ದದ್ದು ಅದೇ ರಾಸಾಯನಿಕ, ಮಾವನ ಡಬ್ಬದ ಮೇಲೆ ನೋಡಿಯೇ ಆರಿಸಿಕೊಂಡಿದ್ದೆ. ಹೆಸರು ಹೇಳಿದೆ. ಡಾಕ್ಟರು ಬರೆದುಕೊಂಡು ಒಳಗೆ ಹೋದರು.

ಅವನು ಆರು ದಿನ ಇದ್ದ. ಮೂರನೇ ದಿನ ಸ್ವಲ್ಪ ಮಾತಾಡಿದ. ಅಕ್ಕನನ್ನು ಮಾತಾಡಿಸಿದ, ನನ್ನನ್ನು ನೋಡಿ, "ಕೆಲ್ಸಕ್ ಹೋಗಿಲ್ವಾ?" ಎಂದ. ಮತ್ತೆ ಉಸಿರಾಟ ಕುಂದಿತು. ಅವನ ರಕ್ತದ ವರದಿ ಬಂದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇದು ಒಂದು ದಿನದ ಕಥೆಯಲ್ಲ. ನರಗಳಿಗೆ ಬೇಕಾದ ಕಿಣ್ವ ರಕ್ತದಲ್ಲಿ ಮೊದಲೇ ಬಹಳ ಕಡಿಮೆಯಾಗಿರಬೇಕು. ಹಿಂದೆ ಯಾವಾಗಾದರೂ ಟೆಸ್ಟ್ ಮಾಡಿಸಿದ್ದರಾ?" ಎಂದು ಕೇಳಿದರು.

ಇಲ್ಲ ಎಂದೆ.

"ಮಾಡಿಸಿದ್ದರೆ ಕೆಲಸ ಬಿಡಿಸಬಹುದಿತ್ತು," ಎಂದು ಹೇಳಿ ಅವರು ಮುಂದಿನ ರೋಗಿಯ ಹತ್ತಿರ ಹೋದರು.

ಆರನೇ ದಿನ ಮಧ್ಯಾಹ್ನ ಮಾವ ಹೋದ. ಉದ್ದನಪಲ್ಲಿಯಿಂದ ನೆಂಟರು ಬರುವವರೆಗೆ ಕಾದು, ಮಾರನೆಯ ಬೆಳಿಗ್ಗೆ ನಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು. ತೋಟದಿಂದ ಸೂಪರ್ವೈಸರ್ ಒಂದು ಗುಲಾಬಿ ಹಾರ ತಂದಿದ್ದ. ಅಕ್ಕ ಅದನ್ನು ಹಾಕಲು ಬಿಡಲಿಲ್ಲ. ಅವನ ಕೈಯಿಂದ ತೆಗೆದುಕೊಂಡು ಬೇಲಿಯ ಹೊರಗೆ ಇಟ್ಟು ಬಂದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಮತ್ತೆ ಒಂದು ಬಾಟಲಿಗೆ ಬೀದಿ ತೊಟ್ಟಿಯ ನೀರು ತುಂಬಿಕೊಂಡೆ. ಈ ಸಲ ಬೆಂಗಳೂರಿನ ಆ ಸಂಸ್ಥೆಗೆ ಹೋಗಲಿಲ್ಲ. ನೀರಿನಲ್ಲಿ ಕೀಟನಾಶಕ ಇದೆಯೇ ಎಂದು ನೋಡುವ ಸರ್ಕಾರಿ ಪ್ರಯೋಗಾಲಯ ಇದೆ, ಅರ್ಜಿ ಬರೆದುಕೊಟ್ಟರೆ ಯಾರು ಬೇಕಾದರೂ ನೀರು ಕೊಡಬಹುದು. ಅಲ್ಲಿರುವುದು ಹಳೆಯ, ಎಲ್ಲರಿಗೂ ಗೊತ್ತಿರುವ ವಿಧಾನ. ನಮ್ಮ ಪ್ರಬಂಧಗಳ ಮೊದಲ ಪುಟದಲ್ಲಿ ನಾವು ಅದನ್ನೇ 'ನಿಧಾನ, ದುಬಾರಿ' ಎಂದು ತಳ್ಳಿಹಾಕಿ, ಅದಕ್ಕೇ ಈ ಹೊಸ ಹಾಳೆ ಬೇಕು ಎಂದು ಬರೆಯುತ್ತೇವೆ. ಮೊದಲ ಬಾಟಲಿಯನ್ನು ಮಾವ ಕೈಗಿಟ್ಟ ದಿನವೂ ಆ ಪ್ರಯೋಗಾಲಯ ಅಲ್ಲೇ ಇತ್ತು. ಅದು ನನಗೆ ಗೊತ್ತಿತ್ತು.

ಮೂರು ವಾರಕ್ಕೆ ವರದಿ ಬಂತು. ಎರಡು ಕೀಟನಾಶಕಗಳು ಕುಡಿಯುವ ನೀರಿನ ಮಿತಿಗಿಂತ ಹೆಚ್ಚಾಗಿದ್ದವು. ಒಂದು ಆ ಡಬ್ಬದ್ದೇ.

ಕಾಗದ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಇಂಗ್ಲಿಷಿನಲ್ಲಿದ್ದುದನ್ನು ಓದಿ ಕನ್ನಡದಲ್ಲಿ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಇದು ಆವಾಗ್ಲೂ ಇತ್ತಾ?"

"ಇದ್ದಿರುತ್ತೆ."

"ಮತ್ತೆ ನಿನ್ ಮಿಷನ್ಗೆ ಯಾಕ್ ಕಾಣಿಸ್ಲಿಲ್ಲ?"

ಆಗ ಎಲ್ಲವನ್ನೂ ಹೇಳಿದೆ. ಸುಣ್ಣ, ನಲ್ಲಿ ನೀರು, ಸರ್ ಹೇಳಿದ್ದು, ಆ ಶನಿವಾರ ಹೆಂಗಸರ ಮುಂದೆ ನನಗೆ ನಾಚಿಕೆಯಾದದ್ದು.  ಕೊನೆಗೆ ಅವಳು ಸಿಪ್ಪೆಯನ್ನು ಮೊರಕ್ಕೆ ತುಂಬಿ ಎದ್ದಳು.

"ಗೊತ್ತಿಲ್ಲ ಅಂತ ಅಂದಿದ್ರೆ ಆಯ್ತಿತ್ತಲ್ಲ. ನಿನ್ ಮಾವ ಏನ್ ಬೈತಿದ್ನಾ?"

ಅವನು ಬೈಯುತ್ತಿರಲಿಲ್ಲ. ಮಿಷನ್ ರಿಪೇರಿ ಮಾಡ್ಕಂಡ್ ಬಾ ಎಂದು ನಗುತ್ತಿದ್ದ. ಅದು ಅವಳಿಗೂ ಗೊತ್ತಿತ್ತು.

ವರದಿಯ ಪ್ರತಿಯನ್ನು ಬೀದಿಯ ಹೆಂಗಸರು ಪಂಚಾಯ್ತಿಗೆ ಒಯ್ದರು. ತೋಟದ ಪೈಪನ್ನು ಕತ್ತರಿಸಿ, ದಿನ ಬಿಟ್ಟು ದಿನ ಟ್ಯಾಂಕರ್ ಕಳಿಸುವ ಏರ್ಪಾಟಾಯಿತು. ಔಷಧಿ ಕಲಸುವ ಜಾಗಕ್ಕೆ ಸಿಮೆಂಟು ಹಾಕಿದರು. ಮಾವನ ಜಾಗಕ್ಕೆ ಬೇರೊಬ್ಬ ಬಂದ. ಅಕ್ಕ ಇನ್ನೂ ಅದೇ ತೋಟದಲ್ಲಿ ಹೂ ವಿಂಗಡಿಸುತ್ತಾಳೆ. ಬಿಡು ಎಂದು ನಾನು ಹೇಳಿದಾಗ, ಬಿಟ್ಟು ಎಲ್ಲಿಗೆ ಹೋಗಲಿ ಎಂದು ಕೇಳಿದಳು.

ಮಳೆಗಾಲದಲ್ಲಿ ನನ್ನ ವೈವಾ ನಡೆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗ್ರಾಫುಗಳನ್ನು ಮೆಚ್ಚಿ, ಕೊನೆಗೆ ಸಹಜವಾಗಿ ಕೇಳಿದರು: ಹೊರಗಿನ ನೀರಿನಲ್ಲಿ ಪರೀಕ್ಷಿಸಿದ್ದೀರಾ? ಗೈಡ್ ಸರ್ ನನ್ನತ್ತ ನೋಡಿದರು. ಪರೀಕ್ಷಿಸಿದ್ದೇನೆ, ಊರ ನೀರಿಗೂ ನಲ್ಲಿಯ ನೀರಿಗೂ ಇದು ವ್ಯತ್ಯಾಸ ತೋರಿಸಲಿಲ್ಲ, ಆ ಊರ ನೀರಿನಲ್ಲಿ ಕೀಟನಾಶಕ ಇತ್ತೆಂದು ಆಮೇಲೆ ಬೇರೆ ಕಡೆ ಗೊತ್ತಾಯಿತು ಎಂದೆ. ಅದರ ಗ್ರಾಫನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ.  ನನಗೆ ಪದವಿ ಸಿಗದಿದ್ದರೂ ಸರಿ ಎಂದು ಸಿದ್ಧನಾಗಿ ಹೋಗಿದ್ದೆ. ಪರೀಕ್ಷಕರು ಗ್ರಾಫನ್ನು ತಿರುಗಿಸಿ ನೋಡಿ, ತೊಂದರೆಯಿಲ್ಲ, ಮುಂದಿನ ಕೆಲಸ ಎಂಬ ಭಾಗದಲ್ಲಿ ಒಂದು ವಾಕ್ಯ ಸೇರಿಸಿ ಎಂದರು. ಎಲ್ಲರೂ ಕೈ ಕುಲುಕಿದರು. ಟೀ, ಬಿಸ್ಕೆಟ್ ಬಂತು.

ಆ ವಾಕ್ಯವನ್ನು ನಾನು ಹನ್ನೆರಡು ಪುಟ ಮಾಡಿ ಕೊಟ್ಟೆ. ಬೋರಿನ ನೀರಿನ ಗೆರೆಗಳೆಲ್ಲ ಅದರಲ್ಲಿವೆ. ಸರ್ ಸಹಿ ಹಾಕಲು ಎರಡು ದಿನ ತೆಗೆದುಕೊಂಡರು, ಆದರೆ ಹಾಕಿದರು. ಈಗ ಕೃಷ್ಣಗಿರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಆ ಹನ್ನೆರಡು ಪುಟವನ್ನು ಯಾರಾದರೂ ಓದಿದ್ದಾರೆಯೇ ಎಂಬುದು ಗೊತ್ತಿಲ್ಲ. ಮೊದಲ ಭಾಗದ ಗ್ರಾಫನ್ನು ಮಾತ್ರ ಬೇರೆಯವರು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದನ್ನು ನೋಡಿದ್ದೇನೆ.

ಮಾವನ ವರ್ಷದ ಎಡೆಗೆ ಊರಿಗೆ ಹೋಗಿದ್ದೆ. ಅವನಿಗೆ ಇಷ್ಟವಾದ ಹುರುಳಿ ಸಾರು, ಮುದ್ದೆ, ವಡೆ ಮಾಡಿದ್ದರು. ಎಡೆ ಇಟ್ಟ ಮೇಲೆ ನೆಂಟರ ಸಾಲಿನಲ್ಲಿ ನಾನೂ ಕುಳಿತೆ. ಅಕ್ಕ ಬಡಿಸುತ್ತಾ ಬಂದಳು. ಪಕ್ಕದವರಿಗೆ, 'ಇನ್ನೊಂದ್ ಚೂರ್ ಹಾಕಿಸ್ಕ' ಎಂದು ಬಲವಂತ ಮಾಡಿದಳು. ನನ್ನ ಎಲೆಗೆ ಬೇಕಾದಷ್ಟು ಹಾಕಿ, ಏನೂ ಕೇಳದೆ ಮುಂದಿನವರ ಹತ್ತಿರ ಹೋದಳು.